ಅಬೆನಾ ಆದ ಮಧ್ಯಾಹ್ನ

ಮಾಗಿದ ಬಾಳೆಹಣ್ಣು ಕರಿಯುವ ವಾಸನೆ ಬಂದರೆ ಈಗಲೂ ನನಗೆ ಬರ್ಕ್ಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಂಬತ್ತರ ದಶಕ, ನನಗೆ ಏಳು ವರ್ಷ. ಪಕ್ಕದ ಅಪಾರ್ಟ್‌ಮೆಂಟಿನ ಘಾನಾದ ಆಂಟಿ ತಮ್ಮ ಅಡುಗೆಮನೆಯಲ್ಲಿ ನಮಗಾಗಿ ಬಾಳೆಹಣ್ಣು ಕರಿಯುತ್ತಾ, ನಾನು ಯಾವ ವಾರ ಹುಟ್ಟಿದ್ದೆಂದು ಅಮ್ಮನನ್ನು ಕೇಳಿದರು. ಅವರ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಮಗುವಿನ ಮೊದಲ ಹೆಸರಂತೆ.

ಅಮ್ಮ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಧಾರವಾಡದಿಂದ ಬಂದಿದ್ದ ಅಜ್ಜಿ, "ಶುಕ್ರವಾರ ಅಂತ ಹೇಳು" ಎಂದರು. ನನಗೂ ಯಾವಾಗಲೂ ಹಾಗೇ ಹೇಳಿದ್ದರು. ಅಮ್ಮ ಹಾಗೇ ಹೇಳಿದಳು.

"ಹಾಗಾದರೆ ಇವಳು ಅಫುವಾ. ನಾನು ಅಬೆನಾ, ಮಂಗಳವಾರದವಳು" ಎಂದರು ಆಂಟಿ. "ನಮ್ಮೂರ ಸಂತೆಯಲ್ಲಿ ಅಬೆನಾ ಅಂತ ಕೂಗಿದರೆ ಹತ್ತು ಹೆಂಗಸರು ತಿರುಗಿ ನೋಡುತ್ತಾರೆ."

ಅಮ್ಮ ನನ್ನ ಮುಖ ನೋಡಿದಳು. "ಇಲ್ಲ, ನಿಜ ಹೇಳಬೇಕೆಂದರೆ ಇವಳೂ ಟ್ಯೂಸ್‌ಡೇ."

"ಅಬೆನಾ!" ಆಂಟಿ ನನ್ನನ್ನು ತಬ್ಬಿಕೊಂಡು, ಎಲ್ಲಕ್ಕಿಂತ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಅಜ್ಜಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. "ಮಂಗಳವಾರ ಹುಟ್ಟಿದಾಕಿ ಗಂಡಗ ಆಗಿಬರೂದಿಲ್ಲ ಅಂತಾರ" ಎಂದು ಗೊಣಗಿದರು. ತುಸು ಹೊತ್ತು ಆಂಟಿಯನ್ನೇ ನೋಡಿ, ಅಮ್ಮನ ಕಿವಿಯಲ್ಲಿ, "ಆಕಿ ಗಂಡ ಆರಾಮ ಇದ್ದಾನೇನು, ಕೇಳು" ಎಂದರು.

ಕೇಳಬೇಕಾಗಿರಲಿಲ್ಲ. ಒಳಗಿನ ಕೋಣೆಯಿಂದ ಆಂಟಿಯ ಗಂಡನ ಗೊರಕೆ ಕೇಳಿಸುತ್ತಿತ್ತು.