ನಾಕು ಕೈಯವ್ವ

ಸೆರಗಿನಲ್ಲಿ ಸುತ್ತಿ ತಂದ ದೇವರನ್ನು ಗೋಪಮ್ಮ ಚಾವಡಿಯ ಮೇಜಿನ ಮೇಲೆ ಇಟ್ಟಳು. ಹಿತ್ತಾಳೆ ಮರಕ್ಕೆ ತಾಗಿ ಠಣ್ ಎಂದಿತು. ಅಂಗೈಯಗಲದ ತುಂಡು, ನಾಲ್ಕು ಕಡೆಗೆ ನಾಲ್ಕು ತೋಳು, ಮೈತುಂಬ ಎಣ್ಣೆ ಕುಂಕುಮದ ಜಿಡ್ಡು. ಮನೆಯಲ್ಲಿ ಅದಕ್ಕೆ ನಾಕು ಕೈಯವ್ವ ಎಂದು ಹೆಸರು. ಕೂಸಿಗೆ ಜ್ವರ ಬಂದರೂ, ಬಸುರಿಗೆ ನೋವು ಬಂದರೂ ಮೊದಲು ಕೈ ಮುಗಿಯುವುದು ಆಕೆಗೆ. ಆಕೆ ಹೊಸಿಲು ದಾಟಿದ್ದು ಇದೇ ಮೊದಲು.

ಗೋಪಮ್ಮನ ಮಗಳು ಕನಕಮ್ಮನಿಗೆ ದೇವದುರ್ಗದ ಕಡೆ ಸರ್ಕಾರಿ ಶಾಲೆಯಲ್ಲಿ ಕೆಲಸ ಗೊತ್ತಾಗಿತ್ತು. ಕೂಲಿಯ ಮನೆಗೆ ಮೊದಲ ಸಂಬಳ. ಜಾತಿ ಪ್ರಮಾಣಪತ್ರವೊಂದು ಬಾಕಿ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹೆಸರು ಹಾಕದೆ ಅರ್ಜಿ ಬರೆದರು: ಇವರು ಮನೆಯಲ್ಲಿ ಶಿಲುಬೆ ಪೂಜಿಸುತ್ತಾರೆ, ಮತ ಬಿಟ್ಟಿದ್ದಾರೆ. ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಪತ್ರ ಸಿಗುವುದಿಲ್ಲ. ವಿಚಾರಣೆಗೆ ಬಂದ ಕಂದಾಯ ಇಲಾಖೆಯ ಗಿರದಾವರ ಶಂಭುಲಿಂಗಪ್ಪನಿಗೆ ಮೊದಲೇ ಹಳೆಯ ಕಲ್ಲು, ಹಳೆಯ ನಾಣ್ಯಗಳ ಹುಚ್ಚು. ಶಿಲುಬೆ ಹೌದೋ ಅಲ್ಲವೋ ಬಲ್ಲವರೇ ಹೇಳಲಿ ಎಂದು ರಾಯಚೂರಿನಿಂದ ಫಾದರ್ ಇನ್ನಾಸಪ್ಪನವರನ್ನು ಕರೆಸಿದ್ದ.

ಫಾದರ್ ಕರವಸ್ತ್ರ ಒದ್ದೆ ಮಾಡಿಕೊಂಡು ಜಿಡ್ಡು ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಕಣ್ಣು ತುಂಬಿ ಬಂತು.

"ಇದು ನಮ್ಮ ಕಾಲದ್ದಲ್ಲ ಸಾಹೇಬ್ರ. ಬಿಳಿಯರು ಬರೂದಕ್ಕಿಂತ ಮೊದಲಿಂದು. ಪರ್ಷಿಯಾದ ವ್ಯಾಪಾರಿಗಳು ಕೃಷ್ಣಾ ದಾಟುವಾಗ ತಂದಿದ್ದಿರಬೇಕು. ತೋಳಿನ ತುದಿ ಹೆಂಗ ಅರಳ್ಯಾವ ನೋಡ್ರಿ. ಮ್ಯಾಲ ಪಾರಿವಾಳ ಕುಂತದ."

"ಪಾರಿವಾಳ ಅಲ್ರಿ, ಅದು ಗಿಳಿ," ಎಂದ ಶಂಭುಲಿಂಗಪ್ಪ. "ದೊಡ್ಡ ವಾಡೇದ ಮನಿ ಬಾಗಿಲಿಗೆ ಹಿತ್ತಾಳಿ ಹೂವು ಬಡಿತಾರಲ್ಲ, ಅಂಥಾದು."

"ಬಾಗಿಲಿಗೆ ಬಡದಿದ್ರ ಮೊಳಿ ತೂತು ಎಲ್ಲೆದ?"

ಶಂಭುಲಿಂಗಪ್ಪ ಬೆಳಕಿಗೆ ಹಿಡಿದು ತಿರುಗಿಸಿದ. ನಡುವೆ ಇದ್ದದ್ದು ಮುಚ್ಚಿಹೋದ ತೂತೋ, ಬೆರಳು ಸವೆಸಿದ ಗುಳಿಯೋ ಗೊತ್ತಾಗಲಿಲ್ಲ. ಫಾದರ್ ಗೋಪಮ್ಮನ ಕಡೆ ತಿರುಗಿದರು. ಹುರುಪಿನಲ್ಲಿ ತಾವು ಯಾಕೆ ಬಂದಿದ್ದೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು.

"ಯವ್ವಾ, ನಿಮ್ಮ ಹಿರೇರು ನಮಗಿಂತ ಮೊದಲ ಏಸುವಿನ ಮಕ್ಕಳು. ನಾವೆಲ್ಲಾ ನಿನ್ನಿ ಮೊನ್ನಿ ಬಂದವ್ರು."

ಪ್ರೀತಿಯಿಂದಲೇ ಹೇಳಿದರು. ಗೋಪಮ್ಮನಿಗೆ ಮಾತ್ರ ಮಗಳ ಕೈಯಿಂದ ಸೀಮೆಸುಣ್ಣವನ್ನು ಯಾರೋ ಕಿತ್ತುಕೊಂಡಂತಾಯಿತು. ಕೆಟ್ಟವರ ಅರ್ಜಿಗಿಂತ ಈ ಒಳ್ಳೆಯವರ ಮಾತಿಗೇ ಅವಳು ಹೆಚ್ಚು ಹೆದರಿದಳು.

ಶಂಭುಲಿಂಗಪ್ಪ ಪೆನ್ನಿನ ಮುಚ್ಚಳ ತೆಗೆದ. "ನೀವು ಹೇಳೂದು ಖರೆ ಆದ್ರ ನಾ ಹಂಗ ಬರೀಬೇಕಾಗ್ತದ ಫಾದರ್. ಹಿರೇರ ಕಾಲದಿಂದ ಕ್ರೈಸ್ತರು ಅಂತ."

ಫಾದರಿಗೆ ತಾವು ಬಂದ ಕೆಲಸ ಆಗ ನೆನಪಾಯಿತು. ಮುಖದ ಬಣ್ಣ ಇಳಿಯಿತು. ಆದರೆ ಸುಳ್ಳು ಹೇಳುವ ಮನುಷ್ಯ ಅವರಲ್ಲ.

"ಗೋಪವ್ವ, ನೀನ ಹೇಳು. ಇದು ನಿಮ್ಮ ಮನ್ಯಾಗ ಎಷ್ಟು ತಲಿಯಿಂದ ಅದ?" ಎಂದ ಶಂಭುಲಿಂಗಪ್ಪ.

ಅತ್ತ ದರಿ, ಇತ್ತ ಪುಲಿ. ಕನಕಮ್ಮ ಹುಟ್ಟುವಾಗ ಗೋಪಮ್ಮ ಇದೇ ತುಂಡನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದು ನರಳಿದ್ದಳು. 'ಈಕಿನ್ನ ಬಿಟ್ಟುಕೊಟ್ಟ ಮನಿ ಉಳಿಯೂದಿಲ್ಲ' ಎಂದು ಅತ್ತೆ ಸಾಯುವಾಗ ಕೈ ಹಿಡಿದು ಹೇಳಿದ್ದಳು. ಅತ್ತೆಗೆ ಅವಳ ಅತ್ತೆ ಹೇಳಿದ್ದಳು.

"ತಲಿ ಗಿಲಿ ಏನಿಲ್ರಿ ಯಪ್ಪಾ," ಎಂದಳು. ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. "ನನ್ನ ಗಂಡ ರಾಯಚೂರಾಗ ಗುಜರಿ ಅಂಗಡ್ಯಾಗ ತಂದಿದ್ದ. ನೀವಂದಂಗ ಬಾಗಿಲ ಹೂವ ಅದು."

"ಮತ್ತ ಈ ಕುಂಕುಮ?" ಶಂಭುಲಿಂಗಪ್ಪ ಫಾದರ್ ಕೈಯಲ್ಲಿದ್ದ ಕೆಂಪಾದ ಕರವಸ್ತ್ರ ತೋರಿಸಿದ.

"ಹುಡುಗ್ರು ಆಟಕ್ಕ ಹಚ್ಯಾವ್ರಿ."

ನಾಲಿಗೆ ಸೇದಿಹೋಗುತ್ತದೆ, ಕಣ್ಣು ಕತ್ತಲಾಗುತ್ತದೆ ಎಂದು ಕಾದು ನಿಂತಳು. ಹೊರಗೆ ಬೇವಿನ ನೆರಳಿನಲ್ಲಿ ಕೋಳಿ ಕೆದರುತ್ತಿತ್ತು. ಏನೂ ಆಗಲಿಲ್ಲ. ಏನೂ ಆಗದ್ದನ್ನು ಕಂಡು ಅವಳ ಅಂಜಿಕೆ ಇನ್ನೂ ಹೆಚ್ಚಾಯಿತು.

"ನೋಡಿದ್ರಿ ಫಾದರ್, ಗಿಳಿನ ಅದು," ಎಂದು ಶಂಭುಲಿಂಗಪ್ಪ ನಕ್ಕು ವರದಿ ಬರೆಯತೊಡಗಿದ. ಫಾದರ್ ಅವಳನ್ನು ಒಂದು ಗಳಿಗೆ ನೋಡಿದರು. ಅವರಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಛತ್ರಿ ಎತ್ತಿಕೊಂಡು ಬಸ್ಸಿಗೆ ಹೊರಟುಹೋದರು.

ಹೊಳೆಯ ಕಡೆಯಿಂದ ಬಿಸಿಗಾಳಿ ಬೀಸಿ ಮೇಜಿನ ಕಾಗದಗಳು ಪಟಪಟ ಎಂದವು. ಗೋಪಮ್ಮ ದೇವರನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಶಂಭುಲಿಂಗಪ್ಪನೇ ಅದನ್ನು ತೆಗೆದು ಕನಕಮ್ಮನ ಕಾಗದಗಳ ಮೇಲೆ ಇಟ್ಟ.

"ಇರ್ಲಿ ಬಿಡವ್ವ, ಗುಜರಿ ಸಾಮಾನು. ನನಗ ಕಾಗದ ಹಾರದಂಗ ಇಡಾಕ ಬರ್ತದ. ನಾಳಿ ಮಗಳನ್ನ ಕಳಸು, ಪತ್ರ ಕೊಡ್ತೀನಿ."

ಗುಜರಿಯದು ಎಂದವಳು ಅವಳೇ. ನಾಲ್ಕು ಕೈಗಳನ್ನೂ ಚಾಚಿ ಅವ್ವ ಮಗಳ ಹೆಸರಿನ ಮೇಲೆ ಕೂತಿದ್ದಳು. ಗೋಪಮ್ಮನ ಎರಡೂ ಕೈ ತಾವಾಗಿಯೇ ಎದೆಯ ತನಕ ಎದ್ದು ಕೂಡಿಕೊಂಡವು.

ಪೆನ್ನು ನಿಂತಿತು. ಶಂಭುಲಿಂಗಪ್ಪ ತಲೆ ಎತ್ತಿ ನೋಡಿದ.

ಅವಳು ಆ ಕೈಗಳನ್ನು ಇನ್ನೂ ಮೇಲಕ್ಕೆ ಒಯ್ದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.