ಸೆಕೆಯಲ್ಲಿ ಹತ್ತಿ ತುಂಬಿದ ಅಂಗಿ

ಜಪಾನಿನಲ್ಲಿ ಫ್ರೆಂಚರ ಮಾದರಿಯ ಹೊಸ ನ್ಯಾಯಾಲಯಗಳು ಬಾಗಿಲು ತೆರೆದ ಮೊದಲ ಬೇಸಿಗೆ. ಪ್ಯಾರಿಸ್ಸಿನಲ್ಲಿ ಓದಿ ಬಂದ ಯುವ ನ್ಯಾಯಾಧೀಶ ಅಲ್ಲಿಯವರಂತೆಯೇ ದಪ್ಪ ಉಣ್ಣೆಯ ಕರಿ ನಿಲುವಂಗಿ ತೊಟ್ಟು ಬೆವರುತ್ತಿದ್ದ. ಎದುರಿಗೆ ನಿಂತಿದ್ದ ರೇಷ್ಮೆಹುಳು ಸಾಕುವ ಮುದುಕಿ, ಹತ್ತಿ ತುಂಬಿದ ಚಳಿಗಾಲದ ಅಂಗಿಗಳನ್ನು ಒಂದರ ಮೇಲೊಂದು ಹಾಕಿಕೊಂಡು ಅವನಿಗಿಂತ ಹೆಚ್ಚು ಬೆವರುತ್ತಿದ್ದಳು.

"ಈ ಸೆಕೇಲಿ ಇಷ್ಟೊಂದು ಬಟ್ಟೆ ಯಾಕಜ್ಜಿ?"

"ಬೇಕಾಗುತ್ತೆ ಧಣಿ. ತಾವೂ ಹಾಕ್ಕೊಂಡಿದ್ದೀರಲ್ಲ."

ನ್ಯಾಯಾಧೀಶ ಕೆಮ್ಮಿ ಕಾಗದ ತಿರುವಿದ. ರಸ್ತೆ ಮಾಡಿಸುವ ನೆಪದಲ್ಲಿ ಜಿಲ್ಲೆಯ ಅಧಿಕಾರಿ ಅವಳ ಅರ್ಧ ಹಿಪ್ಪುನೇರಳೆ ತೋಟವನ್ನು ಕಡಿಸಿಹಾಕಿದ್ದ. ಅವಳು ಅವನ ಮೇಲೆಯೇ ದೂರು ಕೊಟ್ಟಿದ್ದಳು.

"ಹೆದರಬೇಡಿ. ಕಾನೂನಿನ ಮುಂದೆ ಈಗ ಎಲ್ಲರೂ ಸಮಾನರು."

"ಹಾಗಂತ ನಮ್ಮೂರಲ್ಲೂ ಡಂಗುರ ಹೊಡೆಸಿದ್ರು."

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ಅಧಿಕಾರಿಯದೇ ತಪ್ಪು. ಅವನು ಹೊಸ ಗಿಡ ನೆಡಿಸಿಕೊಡಬೇಕು, ಎಲ್ಲರೆದುರು ಕ್ಷಮೆ ಕೇಳಬೇಕು. ಪಕ್ಕದಲ್ಲಿ ನಿಂತಿದ್ದ ಅಧಿಕಾರಿ ಮುಖ ಕೆಂಪಗೆ ಮಾಡಿಕೊಂಡು ಮುದುಕಿಗೆ ತಲೆಬಾಗಿಸಿ ಹೊರನಡೆದ. ಪ್ಯಾರಿಸ್ಸಿನ ಗುರುಗಳಿಗೆ ಈ ದಿನದ ಬಗ್ಗೆ ಬರೆಯಬೇಕಾದ ಕಾಗದವನ್ನು ನ್ಯಾಯಾಧೀಶ ಮನಸ್ಸಿನಲ್ಲೇ ಶುರುಮಾಡಿದ. ಮುದುಕಿ ಮಾತ್ರ ಕದಲಲಿಲ್ಲ.

"ನೀವು ಗೆದ್ದಿರಿ ಅಜ್ಜಿ. ಇನ್ನು ಮನೆಗೆ ಹೋಗಬಹುದು."

ಮುದುಕಿ ನಿಧಾನವಾಗಿ ನೆಲದ ಮೇಲೆ ಬೋರಲು ಮಲಗಿದಳು.

"ಗೆದ್ದಿದ್ದು ಗೊತ್ತಾಯ್ತು ಧಣಿ. ಅಧಿಕಾರಿ ಮೇಲೆ ದೂರು ಕೊಟ್ಟಿದ್ದಕ್ಕೆ ಹಿಂದಿನಿಂದ್ಲೂ ಹಾಕೋ ಛಡಿಯೇಟು ಬೇಗ ಹಾಕಿಸಿಬಿಡಿ, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."