ಓಣಿಯ ವೋಲ್ಟೇಜು

ಚೆನ್ನವೀರಪ್ಪ ಮಾಳಿಗೆ ತುಂಬ ಸೋಲಾರ್ ಹಾಕಿಸಿದ್ದ. ಆದರೆ ಮಧ್ಯಾಹ್ನ ಬಿಸಿಲು ಏರಿತೆಂದರೆ, ಲೈನಿಗೆ ಹರಿದ ಸೋಲಾರ್ ಕರೆಂಟಿನಿಂದ ಓಣಿಯ ವೋಲ್ಟೇಜೂ ಏರಿ, ಅವನ ಇನ್ವರ್ಟರ್ ತಾನಾಗಿಯೇ ಬಂದ್ ಆಗಿ, ಅಷ್ಟು ಬಿಸಿಲೂ ದಂಡವಾಗುತ್ತಿತ್ತು.

"ಆ ಹೊತ್ನ್ಯಾಗ ಓಣ್ಯಾಗ ಕರೆಂಟ್ ಉಣ್ಣೋರು ಯಾರೂ ಇಲ್ರಿ," ಎಂದ ಲೈನ್‌ಮನ್. "ಬಾಜೂಮನಿ ಅಕ್ಕಾರು ಖಾರದ ಗಿರಣಿ ಹಚ್ಚಿದ್ರ ವೋಲ್ಟೇಜ್ ಇಳೀತೈತಿ."

ಖಾರದ ಘಾಟಿಗೆ ಸೀನು ಬರುತ್ತದೆಂದು ಜಗಳ ತೆಗೆದು, ಮಧ್ಯಾಹ್ನ ಆ ಗಿರಣಿ ತಿರುಗದಂತೆ ಮಾಡಿದ್ದವನು ಚೆನ್ನವೀರಪ್ಪನೇ. ಈಗ ಮೀಸೆ ಇಳಿಸಿಕೊಂಡು ಪಕ್ಕದ ಮನೆಗೆ ಹೋದ.

"ಗಂಗವ್ವಕ್ಕಾ, ಮಧ್ಯಾಹ್ನ ಗಿರಣಿ ಹಚ್ಚಬೇ. ಎಷ್ಟು ಸೀನು ಬಂದ್ರೂ ನಾ ಪಿಟ್ ಅನ್ನಂಗಿಲ್ಲ."

"ಗಿರಣಿ ಎಲ್ಲೈತೋ ತಮ್ಮಾ? ಮೊನ್ನೆ ಮಾರಿಬಿಟ್ನಿ."

"ಅದ್ಯಾಕಬೇ?"

"ನಿನ್ನ ನೋಡೇ ಬುದ್ಧಿ ಬಂತು. ನಾಳೆ ನಮ್ಮ ಮಾಳಗಿಗೂ ಸೋಲಾರ್ ಬರತೈತಿ, ನಿಂದಕ್ಕಿಂತ ಎರಡು ಪಟ್ಟು ದೊಡ್ಡದು."